ಉದ್ದಮನೆಯ ಪೂರ್ವದ ಮೂಲೆ

ಉದ್ದಮನೆಯ ನಕ್ಷೆ ಬರೆದ ಸಿಗ್‌ವಾರ್ಡ್ ಎರ್ನ್ ಅದೇ ಮನೆಗೆ ಬಾಡಿಗೆಗೆ ಬಂದದ್ದು ಎಂಬತ್ತು ದಾಟಿದ ಮೇಲೆ. ಹೆಂಡತಿ ತೀರಿಕೊಂಡಿದ್ದರು. ಸ್ಟಾಕ್‌ಹೋಮಿನ ಮನೆ ಮಾರಿ, ಎರಡು ಪೆಟ್ಟಿಗೆ ಹಿಡಿದುಕೊಂಡು, ಅಕ್ಟೋಬರಿನ ಮೊದಲ ಹಿಮ ಉದುರುವ ಹೊತ್ತಿಗೆ ಉತ್ತರದ ನಮ್ಮ ಗಣಿಯೂರು ರೌತವಾರದಲ್ಲಿ ಬಸ್ಸಿನಿಂದ ಇಳಿದರು. ಬಸ್ಸು ಓಡಿಸುತ್ತಿದ್ದವಳು ನಾನೇ. ನನ್ನ ನೌಕರಿಯ ಕೊನೆಯ ವರ್ಷ ಅದು.

"ಬದುಕಿಡೀ ಊರವರಿಗೆ ಮನೆ ಕಟ್ಟಿದೆ ಕಣಮ್ಮ. ನಾನೇ ಬರೆದ ಮನೇಲಿ ಒಂದು ದಿನ ಮಲಗಿಲ್ಲ. ಹೇಗಿರುತ್ತೆ ಅಂತ ನೋಡ್ಬೇಕು" ಅಂದರು, ಪೆಟ್ಟಿಗೆ ಇಳಿಸಿಕೊಡುವಾಗ.

"ಹೇಗಿರುತ್ತೆ ಅಂತ ಬರೆಯೋವಾಗ ಗೊತ್ತಿರಲಿಲ್ವಾ?" ಅಂದೆ. ನಕ್ಕರು.

ನಮ್ಮ ಉದ್ದಮನೆ ಎಂದರೆ ಹತ್ತಾರು ಬಾಡಿಗೆ ಮನೆಗಳು ಸೇರಿದ, ಐದು ಅಂತಸ್ತಿನ ಒಂದೇ ಗೋಡೆ. ಬಿಲ್ಲಿನಂತೆ ಬಾಗಿ, ಉತ್ತರಕ್ಕೆ ಬೆನ್ನು ಕೊಟ್ಟು ನಿಂತಿದೆ. ಆ ಬೆನ್ನಿನಲ್ಲಿ ಕಿಟಕಿಗಳು ಅಂಗೈಯಗಲ. ದಕ್ಷಿಣಕ್ಕೆ ಅಂಗಳ, ಹಳದಿ ಬಣ್ಣದ ಗೋಡೆ, ಗೋಡೆಗೆ ತಾಗಿಸಿದ ಬೆಂಚುಗಳು, ಅಂಗಳದ ತುಂಬ ಬರ್ಚ್ ಮರಗಳು. ಬರ್ಚ್‌ಗೆ ಚಳಿಗಾಲದಲ್ಲಿ ಎಲೆ ಇರುವುದಿಲ್ಲವಾದ್ದರಿಂದ ಬಿಸಿಲಿಗೆ ಅಡ್ಡಿಯಿಲ್ಲ. ಮಾರ್ಚ್ ತಿಂಗಳಲ್ಲಿ ಮನೆಯ ಹಿಂದೆ ಹೋದರೆ ಗಾಳಿ ಮುಖದ ಚರ್ಮ ಕಿತ್ತುಕೊಳ್ಳುತ್ತದೆ. ಮುಂದೆ ಬಂದರೆ ಜನ ಹಿಮದ ನಡುವೆಯೇ ಬೆಂಚಿನ ಮೇಲೆ ಹಿಮಸಾರಂಗದ ತೊಗಲು ಹಾಸಿಕೊಂಡು, ಕೋಟು ಬಿಚ್ಚಿ, ಬಿಸಿಲಿಗೆ ಮುಖವೊಡ್ಡಿ ಕೂತಿರುತ್ತಾರೆ. ಆ ಕಾಲಕ್ಕೆ ನಮ್ಮಲ್ಲಿ ಬೇರೆಯೇ ಹೆಸರಿದೆ. ಚಳಿವಸಂತ ಅನ್ನುತ್ತೇವೆ. ವರ್ಷವೆಲ್ಲ ಗಣಿಯ ಕತ್ತಲಲ್ಲಿ ದುಡಿದವರಿಗೆ ಅದೇ ಹಬ್ಬ. ಅದನ್ನು ಕೊಟ್ಟ ಮನುಷ್ಯ ಎಂದು ಊರಿಗೆ ಅವರ ಮೇಲೆ ಪ್ರೀತಿಯಿತ್ತು. ಎರ್ನ್ ಅವರಿಗೆ ಗೋಡೆಯಪ್ಪ ಎಂದು ಹೆಸರಿಟ್ಟಿದ್ದವನು ನನ್ನ ಮೇಲಿನ ಮನೆಯ ಎಲೋಫ್. ಗಣಿಯಿಂದ ನಿವೃತ್ತನಾದವನು, ಬಾಯಿಗೆ ಬೀಗವಿಲ್ಲದವನು.

ಗೋಡೆಯಪ್ಪನವರು ಹುಡುಕಿ ಹುಡುಕಿ ಹಿಡಿದದ್ದು ಪೂರ್ವದ ತುದಿಯ ನೆಲಮಹಡಿಯ ಮನೆ. ನನ್ನ ಪಕ್ಕದ್ದು. ಬಹಳ ವರ್ಷದಿಂದ ಖಾಲಿ ಬಿದ್ದಿತ್ತು.

"ಅದು ಬೇಡಿ, ಅಲ್ಲಿ ಚಳಿ ಜಾಸ್ತಿ" ಎಂದೆ.

"ನನ್ನ ನಕ್ಷೆಯಲ್ಲಿ ಎಲ್ಲ ಮನೆಗೂ ಒಂದೇ ಬಿಸಿ" ಎಂದರು.



ಚಳಿಗಾಲ ಕಳೆಯಿತು. ಮಾರ್ಚಿನಲ್ಲಿ ಒಂದು ದೊಡ್ಡ ಬಿರುಗಾಳಿ ಬಂದು ಹೋಯಿತು. ಮರುದಿನ ಆಕಾಶ ತೊಳೆದಿಟ್ಟಂತಿತ್ತು. ಎಲ್ಲರೂ ಅಂಗಳಕ್ಕೆ ಬಂದೆವು. ನಮ್ಮ ಕಡೆಯ ರೂಢಿಯಂತೆ ಚೀಸಿನ ತುಂಡು ಹಾಕಿದ ಕಾಫಿಯನ್ನು ಲೋಟಗಳಿಗೆ ಸುರಿಯುತ್ತಿದ್ದೆವು. ಗೋಡೆಯಪ್ಪನವರು ಹಿಮಸಾರಂಗದ ತೊಗಲು ತಂದು ಪೂರ್ವದ ತುದಿಯ ಬೆಂಚಿನ ಮೇಲೆ ಹಾಸಿದರು. ಆ ಬೆಂಚಿನಲ್ಲಿ ಯಾರೂ ಕೂರುವುದಿಲ್ಲ. ಮಕ್ಕಳು ಕೂಡ.

"ಇಲ್ಲಿ ಬನ್ನಿ, ಜಾಗ ಇದೆ" ಎಂದು ನಾನು ಕರೆದೆ.

"ಇಲ್ಲೇ ಚೆನ್ನಾಗಿದೆ. ಗಾಳಿ ಒಂದು ಚೂರೂ ಇಲ್ಲ" ಎಂದು ಕಣ್ಣು ಮುಚ್ಚಿದರು.

ನಿಜ, ಗಾಳಿ ಇರಲಿಲ್ಲ. ಕೊಂಬೆಯ ಮೇಲಿನ ಹಿಮ ಕೂಡ ಅಲ್ಲಾಡುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಆ ಸದ್ದು ಬಂತು. ಮೂಲೆಯ ಆಚೆಯಿಂದ. ಸಲಿಕೆ ಗಟ್ಟಿ ಹಿಮವನ್ನು ಕೆರೆಯುವ ಸದ್ದು, ಆಮೇಲೆ ಎತ್ತಿ ಹಾಕಿದ ಹಿಮ ಧಪ್ಪನೆ ಬೀಳುವ ಸದ್ದು. ಎರಡು ಸಲ ಚಿಕ್ಕದಾಗಿ, ಒಂದು ಸಲ ಉದ್ದವಾಗಿ. ಮತ್ತೆ ಎರಡು, ಮತ್ತೆ ಒಂದು. ಎಲೋಫನ ನಾಯಿ ತಲೆಯೆತ್ತಿ ಆ ಕಡೆ ನೋಡಿ, ಬೆಂಚಿನ ಕೆಳಗೆ ನುಸುಳಿತು. ನಾವೆಲ್ಲ ಲೋಟವನ್ನು ಬಾಯಿಗಿಟ್ಟುಕೊಂಡೆವು. ಪ್ರತಿ ವರ್ಷ ಹಾಗೆಯೇ ಮಾಡುತ್ತಿದ್ದೆವು.

ಗೋಡೆಯಪ್ಪನವರು ಕಣ್ಣು ತೆರೆದರು. "ಆ ಕಡೆ ಯಾರದ್ದಾದರೂ ಮನೆ ಇದೆಯಾ? ಯಾರೋ ಹಿಮ ತೆಗೀತಿದ್ದಾರೆ."

ಅವರು ಎದ್ದು, ಕೋಲು ಊರಿಕೊಂಡು ಮೂಲೆ ದಾಟಿ ಹೋದರು. ಹೋದವರು ಬೇಗ ಬರಲಿಲ್ಲ. ಬಂದಾಗ ಹುಬ್ಬಿನ ಮೇಲೆಲ್ಲ ಹಿಮ ಹಿಡಿದಿತ್ತು.

"ಅಲ್ಲಿ ಯಾರೂ ಇಲ್ಲ" ಎಂದರು. "ಒಂದು ಹೆಜ್ಜೆ ಗುರುತು ಕೂಡ ಇಲ್ಲ. ಮನೆಯೆತ್ತರಕ್ಕೆ ಹಿಮ ಗುಡ್ಡೆ ಬಿದ್ದಿದೆ, ಅಷ್ಟೇ. ಆದರೆ ನಾನು ಅಲ್ಲಿ ನಿಂತಿರುವಾಗಲೂ ಸದ್ದು ಬರ್ತಾನೇ ಇತ್ತು. ಏನದು?"

"ಹೇಳೇ ಔನೆ, ನಿನ್ನ ಪಕ್ಕದ ಮನೆಯವರಲ್ವಾ" ಎಂದು ಎಲೋಫ್ ನನ್ನ ಮೇಲೆ ಹಾಕಿದ.

"ನೀನೇ ಹೇಳು. ದೊಡ್ಡ ಬಾಯಿ ಇದೆಯಲ್ಲ."

"ಇದಕ್ಕೆ ನನ್ನ ಬಾಯಿ ಸಾಲಲ್ಲ ಮಾರಾಯ್ತಿ."

ಕೊನೆಗೆ ನಾನು ಅವರನ್ನು ನಮ್ಮ ಅಡುಗೆಮನೆಗೆ ಕರೆದುಕೊಂಡು ಹೋಗಿ, ಒಲೆಯ ಪಕ್ಕ ಕೂರಿಸಿ ಹೇಳಿದೆ.

ಉದ್ದಮನೆ ಬರುವ ಮೊದಲು ಆ ಜಾಗದ ಸುತ್ತ ನಾಲ್ಕಾರು ಮರದ ಮನೆಗಳಿದ್ದವು. ಗಣಿಯವರು ಎಲ್ಲವನ್ನೂ ಕೊಂಡುಕೊಂಡರು. ಸೈಮಿ ರೋವಾ ಒಬ್ಬಳು ಕೊಡಲಿಲ್ಲ. ವಿಧವೆ, ಒಂದು ಹಸು, ಒಂದು ಆಲೂಗಡ್ಡೆ ಪಾತಿ ಇಟ್ಟುಕೊಂಡಿದ್ದಳು. ಮಗಳು ಲೆಂಪಿ ದಕ್ಷಿಣದಲ್ಲೆಲ್ಲೋ ದಾದಿಯ ಕೆಲಸ ಕಲಿಯುತ್ತಿದ್ದಳು. ಉದ್ದಮನೆ ಎದ್ದು ನಿಂತ ಮೇಲೆ ನಮ್ಮ ಅಂಗಳಕ್ಕೆ ಗಾಳಿ ತಪ್ಪಿತು. ಆದರೆ ಬಂದ ಗಾಳಿ ಎಲ್ಲಿಗಾದರೂ ಹೋಗಬೇಕಲ್ಲ. ಗೋಡೆಗುಂಟ ಓಡಿ, ಪೂರ್ವದ ಮೂಲೆಯಲ್ಲಿ ತಿರುಗಿ, ಹೊತ್ತು ತಂದ ಹಿಮವನ್ನೆಲ್ಲ ಸೈಮಿಯ ಬಾಗಿಲಿಗೆ ಸುರಿಯಿತು. ಚಳಿಗಾಲವಿಡೀ ಅವಳು ಬೆಳಗಾದರೆ ಸಲಿಕೆ ಹಿಡಿಯುತ್ತಿದ್ದಳು. ಬಿಸಿಲಲ್ಲಿ ಕೂತ ನಮಗೆ ಅದು ಕೇಳುತ್ತಿತ್ತು. ನಾನಾಗ ಚಿಕ್ಕ ಹುಡುಗಿ. "ಯಾರಾದರೂ ಹೋಗಿ ಕೈ ಹಚ್ಚಬಾರದಾ?" ಎಂದು ನಮ್ಮಮ್ಮ ಅನ್ನುತ್ತಿದ್ದುದು ನೆನಪಿದೆ. ಯಾರಾದರೂ ಅನ್ನುವವರು ನಮ್ಮ ಅಂಗಳದಲ್ಲಿ ಯಾರೂ ಇರಲಿಲ್ಲ.

ಎರಡನೆಯ ಚಳಿಗಾಲದ ಮಾರ್ಚಿನಲ್ಲಿ ದಿನಗಟ್ಟಲೆ ಬಿರುಗಾಳಿ ಹೊಡೆಯಿತು. ಸೈಮಿಯ ಮನೆ ಪೂರಾ ಮುಚ್ಚಿಹೋಯಿತು ಎಂದು ಮೇಲಿನ ಮಹಡಿಯವರು ಹೇಳಿದರು. ಗಾಳಿ ನಿಂತ ದಿನ ಗಂಡಸರು ಹೋಗಿ ನೋಡಬೇಕೆಂದು ಹೊರಟಿದ್ದರು. ಅಷ್ಟರಲ್ಲಿ ಸಲಿಕೆಯ ಸದ್ದು ಕೇಳಿಸಿತು. "ಓ, ಸೈಮಿ ಎದ್ದಿದ್ದಾಳೆ, ಗಟ್ಟಿಗಿತ್ತಿ" ಎಂದು ಯಾರೋ ಅಂದರು. ಎಲ್ಲರೂ ನಕ್ಕು, ಮತ್ತೆ ಕೂತರು. ಇಡೀ ಅಂಗಳ ಕೇಳಿದೆ ಅದನ್ನು. ನಾನೂ ಕೇಳಿದ್ದೇನೆ. ಸಂಜೆಯವರೆಗೂ ಬಂತು. ಮರುದಿನವೂ ಬಂತು. ಆಮೇಲೆ ಹಸುವಿನ ಕೂಗು ನಿಂತಿದೆಯಲ್ಲ ಎಂದು ನಮ್ಮಮ್ಮನಿಗೆ ಹೊಳೆಯಿತು.

ತೋಡಿ ಒಳಗೆ ಹೋದರು. ಹೊಗೆಗೂಡಿನ ಬಾಯಿ ಹಿಮದಿಂದ ಕಟ್ಟಿಕೊಂಡು, ಒಲೆಯ ಹೊಗೆ ಮನೆಯೊಳಗೇ ತುಂಬಿತ್ತು. ಸೈಮಿ ಹಾಸಿಗೆಯ ಮೇಲೆ ಮಲಗಿದಂತೆಯೇ ಇದ್ದಳು. ಬಿರುಗಾಳಿಯ ಮೊದಲ ರಾತ್ರಿಯೇ ಜೀವ ಹೋಗಿದೆ ಎಂದರು ಡಾಕ್ಟರು. ಸಲಿಕೆ ಬಾಗಿಲ ಹಿಂದೆ ಒರಗಿಸಿತ್ತು. ಒಣಗಿತ್ತು.

ನಾನು ಇಷ್ಟು ಹೇಳಿ ನಿಲ್ಲಿಸಿದೆ. ಗೋಡೆಯಪ್ಪನವರು ಕೈಗಳನ್ನು ಮಂಡಿಯ ಮೇಲಿಟ್ಟುಕೊಂಡರು.

"ಆಕೆ ನನ್ನನ್ನ ಕೇಳಿದ್ದಳು" ಎಂದರು. "ಪಾಯ ತೋಡೋವಾಗ. ಹಸು ಹಿಡಿದುಕೊಂಡು ಬಂದು ನಿಂತು, 'ಏನಪ್ಪಾ, ಇಷ್ಟುದ್ದ ಗೋಡೆ ಕಟ್ತೀಯಲ್ಲ, ಗಾಳೀನ ಎಲ್ಲಿಗೆ ಕಳಿಸ್ತೀಯ?' ಅಂದಳು. 'ಅದಕ್ಕೇನು ನಾನು ಟಿಕೆಟ್ ಕೊಡ್ಬೇಕಾ, ಎಲ್ಲಿಗಾದ್ರೂ ಹೋಗಲಿ' ಅಂದೆ. ಕೆಲಸಗಾರರೆಲ್ಲ ನಕ್ಕರು. ಆಕೆಯೂ ನಕ್ಕಳು."

"ನಿಮಗೆ ಗೊತ್ತಿರಲಿಲ್ಲವಲ್ಲ" ಎಂದೆ, ಸಮಾಧಾನಕ್ಕೆ.

"ಗೊತ್ತಿತ್ತಮ್ಮ." ಅವರ ದನಿ ಇಳಿಯಿತು. "ಊರಿನದೊಂದು ಪುಟ್ಟ ಮಾದರಿ ಮಾಡಿದ್ದೆವು, ಮರದ್ದು. ಅದಕ್ಕೆ ಫ್ಯಾನಿನಿಂದ ಗಾಳಿ ಬಿಟ್ಟು, ಬಿಳೀ ಪುಡಿ ತೂರಿ, ಹಿಮ ಎಲ್ಲಿ ಬೀಳುತ್ತೆ ಅಂತ ನೋಡ್ತಿದ್ದೆವು. ಅಂಗಳದಲ್ಲಿ ಒಂದು ಕಾಳು ಬೀಳಲಿಲ್ಲ. ಎಲ್ಲರೂ ಚಪ್ಪಾಳೆ ಹೊಡೆದರು. ಪೂರ್ವದ ಮೂಲೆಯಲ್ಲಿ ಗುಡ್ಡೆ ಬಿದ್ದಿತ್ತು, ಆಕೆಯ ಮನೆ ಪೂರಾ ಮುಚ್ಚಿಹೋಗಿತ್ತು. ಆ ಮನೆ ಹೇಗೂ ಕೊಂಡುಕೊಳ್ತಾರೆ, ಕೆಡವುತ್ತಾರೆ ಅಂದುಕೊಂಡೆ. ಫೋಟೋ ತೆಗೆಯೋಕೆ ಮುಂಚೆ ಪುಡೀನ ಈ ಕೈಯಿಂದಲೇ ಗುಡಿಸಿದೆ."

ಆ ಕೈಯನ್ನು ನೋಡಿಕೊಂಡರು. ಆಮೇಲೆ ಎದ್ದು ಹೋದರು.

ಮರುದಿನ ಬೆಳಿಗ್ಗೆ ನನ್ನ ಅಡುಗೆಮನೆಯ ಕಿಟಕಿಯಾಚೆ ಸಲಿಕೆಯ ಸದ್ದು ಬಂತು. ಬಾಗಿ ನೋಡಿದರೆ ಅವರೇ. ಹಿಮದ ಗುಡ್ಡೆಯನ್ನು ಕಡಿಯುತ್ತಿದ್ದರು, ಎರಡು ಸಲ ಎತ್ತಿ ಹಾಕಿ ಮೂರನೆಯ ಸಲ ಉಸಿರು ಹಿಡಿಯಲಾರದೆ ನಿಲ್ಲುತ್ತಿದ್ದರು.

"ಅಲ್ಲಿ ಯಾರಿದ್ದಾರೆ ಅಂತ ತೋಡ್ತಿದ್ದೀರಿ?" ಎಂದು ಕೂಗಿದೆ.

"ಬಾಗಿಲು ಎಲ್ಲಿತ್ತು? ಅಷ್ಟು ಹೇಳು."

ಸೈಮಿಯ ಮನೆ ಕುಸಿದುಬಿದ್ದು ಎಷ್ಟೋ ವರ್ಷವಾಗಿತ್ತು. ನಾನು ಬೂಟು ಮೆಟ್ಟಿ ಹೋಗಿ ಅಂದಾಜಿನಲ್ಲಿ ತೋರಿಸಿದೆ. ಅಂದಿನಿಂದ ದಿನಾ ತೋಡಿದರು. ಅವರು ಅಗೆದಷ್ಟನ್ನು ಗಾಳಿ ಮತ್ತೆ ತುಂಬಿತು. ಎಲೋಫ್ ಮಹಡಿಯಿಂದ ಕೂಗಿ ಹೇಳುತ್ತಿದ್ದ, "ಗೋಡೆಯಪ್ನೋರೇ, ಸತ್ತವಳು ಬಾಗಿಲು ತೆಗೀತಾಳೆ ಅಂತ ಕಾಯ್ತಿದ್ದೀರಾ? ನೀವೂ ಅಲ್ಲೇ ಬಿದ್ದರೆ ನಮಗೆ ಎರಡೆರಡು ಸಲಿಕೆ ಕೇಳಬೇಕಾಗುತ್ತೆ!" ಅವರು ತಲೆಯೆತ್ತುತ್ತಿರಲಿಲ್ಲ. ಒಂದು ಮಧ್ಯಾಹ್ನ ಕೊನೆಗೂ ಸಲಿಕೆ ಕಲ್ಲಿಗೆ ತಾಗಿತು. ಬಾಗಿಲ ಮುಂದಿನ ಹಾಸುಗಲ್ಲು. ಅವರು ಅದರ ಮುಂದೆ ಟೋಪಿ ತೆಗೆದು ನಿಂತದ್ದನ್ನು ಕಿಟಕಿಯಿಂದ ನೋಡಿದೆ. ಎಲೋಫನೂ ಮೇಲಿನಿಂದ ನೋಡಿದನೇನೋ, ಅಂದಿನಿಂದ ಕೂಗಲಿಲ್ಲ.

ಏಪ್ರಿಲಿನಲ್ಲಿ ಅವರು ಸಲಿಕೆ ಬಿಟ್ಟು ಪೆನ್ಸಿಲು ಹಿಡಿದರು. ನನ್ನ ಅಡುಗೆಮನೆಯ ಮೇಜಿನ ಮೇಲೆ ಕಾಗದ ಹಾಸಿ ತೋರಿಸಿದರು. ಸೈಮಿಯ ಜಾಗದ ವಾಯವ್ಯಕ್ಕೆ, ಜೌಗಿನ ಅಂಚಿನಲ್ಲಿ, ಸಂದು ಬಿಟ್ಟು ಬಿಟ್ಟು ಹೊಡೆದ ಹಲಗೆಯ ಬೇಲಿ. ಅದರ ಹಿಂದೆ ಚಳಿಗಾಲದಲ್ಲೂ ಹಸಿರು ಬಿಡದ ಸ್ಪ್ರೂಸ್ ಮರಗಳ ಸಾಲು, ಆಮೇಲೆ ವಿಲೋ ಪೊದೆ, ಒಳಗಡೆ ರೋವನ್ ಮತ್ತು ಬರ್ಚ್ ಮರಗಳು.

"ಸಂದು ಯಾಕೆ? ಗಾಳಿ ನುಗ್ಗಲ್ವಾ?" ಎಂದೆ.

"ನುಗ್ಗಲಿ. ಗಟ್ಟಿ ಗೋಡೆ ಗಾಳೀನ ರೇಗಿಸುತ್ತೆ, ಅದು ಸುತ್ತಿ ಬಂದು ಬೇರೆಯವರ ಮೇಲೆ ಬೀಳುತ್ತೆ. ಹೀಗೆ ಅರ್ಧ ಬಿಟ್ಟು ಅರ್ಧ ತಡೆದರೆ ಸುಸ್ತಾಗುತ್ತೆ. ಹೊತ್ತ ಹಿಮಾನ ಬೇಲಿಯ ಬುಡದಲ್ಲೇ ಇಳಿಸುತ್ತೆ. ಅಲ್ಲಿ ಯಾರೂ ಇಲ್ಲ. ಈ ಸಲ ನಾನೇ ನಡೆದು ನೋಡಿಕೊಂಡು ಬಂದೆ. ಗ್ರೌಸ್ ಹಕ್ಕಿ ಮಾತ್ರ."

ಪುರಸಭೆಯವಳು ನಕ್ಷೆ ನೋಡಿ, "ಚೆನ್ನಾಗಿದೆ, ಆದರೆ ಅಲ್ಲಿ ವಾಸ ಇರೋರು ಯಾರು? ಖಾಲಿ ಜಾಗಕ್ಕೆ ಬೆಚ್ಚಗೆ ಮಾಡಿ ಏನು ಪ್ರಯೋಜನ?" ಎಂದಳು. ಅದೂ ಅಲ್ಲದೆ ಜಾಗ ಪುರಸಭೆಯದಲ್ಲ, ಈಗಲೂ ಸೈಮಿಯ ಮಗಳದು. ಅವಳ ಒಪ್ಪಿಗೆ ಬೇಕಿತ್ತು.

ಮೇ ತಿಂಗಳಲ್ಲಿ ಲೆಂಪಿ ಬಂದಳು. ಎಪ್ಪತ್ತು ದಾಟಿದ, ಕೃಶವಾದ, ನೆಟ್ಟಗೆ ನಡೆಯುವ ಹೆಂಗಸು. ತಾಯಿಯ ಮಣ್ಣಿಗೆ ಬಂದುಹೋದ ಮೇಲೆ ಈ ಊರಿಗೆ ಕಾಲಿಟ್ಟಿರಲಿಲ್ಲ. ಗೋಡೆಯಪ್ಪನವರು ಅವಳೆದುರು ನಿಂತೇ ಎಲ್ಲವನ್ನೂ ಹೇಳಿದರು, ಪುಡಿ ಗುಡಿಸಿದ್ದನ್ನೂ ಬಿಡಲಿಲ್ಲ. ಅವಳು ಅಡ್ಡ ಮಾತಾಡದೆ ಕೇಳಿದಳು.

"ನಮ್ಮಮ್ಮನಿಗೆ ಮರ ಬೇಕಿರಲಿಲ್ಲ" ಎಂದಳು ಕೊನೆಗೆ. "ಒಬ್ಬ ಮನುಷ್ಯ ಬಂದು ಹೊಗೆಗೂಡು ನೋಡಿದ್ದರೆ ಸಾಕಿತ್ತು."

"ಹೌದು" ಎಂದರು.

"ನೀವು ಈಗ ನೆಡೋದು ನಿಮ್ಮ ನಿದ್ದೆಗೋಸ್ಕರ."

"ಅದೂ ಹೌದು. ಆದರೆ ಜಾಗ ಬೆಚ್ಚಗಾಗುತ್ತೆ."

ಲೆಂಪಿ ಹಾಸುಗಲ್ಲಿನ ಕಡೆ ನೋಡಿದಳು. ಹಿಮ ಕರಗಿ ಅದರ ಸುತ್ತ ಕೆಸರಾಗಿತ್ತು. "ನೆಡಿ. ಎಷ್ಟು ಬೇಕಾದರೂ ನೆಡಿ. ಊರವರು ಬಂದು ಕೂರಲಿ, ಮಕ್ಕಳು ಆಡಲಿ. ಆದರೆ ನೀವು ಇಲ್ಲಿ ಕೂರಬಾರದು. ಒಂದು ದಿನಾನೂ."

ಅವರು ತಲೆದೂಗಿದರು. ನನಗೆ ಅವಳ ಮೇಲೆ ಸಿಟ್ಟು ಬಂತು, ತಡೆದುಕೊಂಡೆ. ಬೇರೆಯವರ ತಾಯಿಯ ವಿಷಯದಲ್ಲಿ ನಾನ್ಯಾರು?

ಪುರಸಭೆ ಸಸಿಗಳನ್ನಷ್ಟೇ ಕೊಟ್ಟಿತು. ಬೇಲಿಗೆ ಹಲಗೆ ಎಲೋಫ್ ಕೊಟ್ಟ. ಮೀನು ಹಿಡಿಯಲು ಕಟ್ಟಿಕೊಂಡಿದ್ದ ಗುಡಿಸಲನ್ನು ಕೆಡವಿ ಟ್ರಾಕ್ಟರಿಗೆ ಹೇರಿಕೊಂಡು ಬಂದು, "ಹುಳ ತಿಂದಿತ್ತು, ಹೇಗೂ ಬಿಸಾಕ್ತಿದ್ದೆ" ಎಂದ. ಹಲಗೆಗಳು ಗಟ್ಟಿಮುಟ್ಟಾಗಿದ್ದವು. ಸೂರ್ಯ ಮುಳುಗದ ದಿನಗಳಲ್ಲಿ, ಸೊಳ್ಳೆಗಳ ಮೋಡದೊಳಗೆ ನಿಂತು ಬೇಲಿ ಹೊಡೆದೆವು, ಸಸಿ ನೆಟ್ಟೆವು. ಸ್ಪ್ರೂಸ್ ನಮ್ಮ ಮೊಣಕಾಲಿಗೂ ಬರುತ್ತಿರಲಿಲ್ಲ. ನಮ್ಮ ನೆಲದಲ್ಲಿ ಅದು ಆಳೆತ್ತರವಾಗಲು ಒಂದು ಮಗು ದೊಡ್ಡದಾಗಿ ಮದುವೆಯಾಗುವಷ್ಟು ಕಾಲ ಬೇಕು.

"ಅಲ್ಲಿವರೆಗೆ ನೀವಿರ್ತೀರಾ?" ಎಂದ ಎಲೋಫ್.

"ಅದಕ್ಕೇ ಬೇಲಿ" ಎಂದರು ಗೋಡೆಯಪ್ಪನವರು.

ಮುಂದಿನ ಚಳಿಗಾಲದಲ್ಲಿ ಹಿಮ ಅವರು ಹೇಳಿದಂತೆ ಬೇಲಿಯ ಬುಡದಲ್ಲಿ ಉದ್ದಕ್ಕೆ ಮಲಗಿತು. ಸೈಮಿಯ ಜಾಗದಲ್ಲಿ ಮೊಣಕಾಲುದ್ದ ಮಾತ್ರ. ಮಾರ್ಚಿನ ಬಿರುಗಾಳಿ ನಿಂತ ದಿನ ನಾನು ಮೊದಲು ಹೋಗಿ ನಿಂತು ನೋಡಿದೆ. ಬಿಸಿಲು ಹಿಮದಿಂದ ಪುಟಿದು ಗಲ್ಲಕ್ಕೆ ತಾಗುತ್ತಿತ್ತು. ಉದ್ದಮನೆಯ ಗೋಡೆಯ ನೆರಳು ಬೀಳುವುದಕ್ಕೆ ಮುಂಚಿನ ಆ ಹೊತ್ತು ಊರಿನಲ್ಲೇ ಅಷ್ಟು ಬೆಚ್ಚಗಿನ ಜಾಗ ಬೇರೆ ಇರಲಿಲ್ಲ. ಒಬ್ಬೊಬ್ಬರೇ ತೊಗಲು ಹೊತ್ತು ಬಂದರು. ಲೆಂಪಿಯೂ ಬಂದಿದ್ದಳು, ನನ್ನ ಮನೆಯಲ್ಲಿ ಉಳಿದುಕೊಂಡಿದ್ದಳು. ಅವಳನ್ನು ಹಾಸುಗಲ್ಲಿನ ಮೇಲೆ ಕೂರಿಸಿದೆವು. ಗೋಡೆಯಪ್ಪನವರು ಬೇಲಿಯ ಆಚೆ, ಗಾಳಿಯ ಕಡೆ, ಕೋಲು ಊರಿ ನಿಂತಿದ್ದರು. ಸಂದಿನಲ್ಲಿ ಅವರ ಕಪ್ಪು ಕೋಟು ಪಟ್ಟೆ ಪಟ್ಟೆಯಾಗಿ ಕಾಣುತ್ತಿತ್ತು.

ಎಲ್ಲರೂ ಕಾಯುತ್ತಿದ್ದೇವೆ ಎಂದು ಎಲ್ಲರಿಗೂ ಗೊತ್ತಿತ್ತು.

ಬಂತು. ಈ ಸಲ ಮೂಲೆಯ ಆಚೆಯಿಂದಲ್ಲ, ನಮ್ಮ ನಡುವಿನಿಂದಲೇ. ನನ್ನ ಬೂಟಿನಿಂದ ಒಂದು ಮಾರು ದೂರದಲ್ಲಿ, ಏನೂ ಅಲುಗದ ಹಿಮದ ಮೇಲೆ, ಸಲಿಕೆ ಕೆರೆಯಿತು. ಎರಡು ಚಿಕ್ಕದು, ಒಂದು ಉದ್ದ. ಒಬ್ಬಳು ತನ್ನ ಮಗುವನ್ನು ಎತ್ತಿಕೊಂಡಳು. ಆದರೆ ಯಾರೂ ಎದ್ದು ಓಡಲಿಲ್ಲ.

ಲೆಂಪಿ ಅದನ್ನು ಕೇಳಿದ್ದು ಅದೇ ಮೊದಲು. ನಾನು ಅವಳಿಗೆ ಹೇಳಿದ್ದೆ, ಅವಳು ನಂಬಿರಲಿಲ್ಲ. ಈಗ ಅವಳ ಮುಖ ಚಿಕ್ಕ ಹುಡುಗಿಯ ಮುಖದಂತಾಯಿತು. "ಅಮ್ಮನೇ" ಎಂದಳು. "ಎಡಗೈಯವಳು. ಮೂರನೇ ಸಲಕ್ಕೆ ಸಲಿಕೆ ತಿರುಗಿಸಿ ಎಳೀತಾಳೆ." ಅವಳು ಕಲ್ಲಿನಿಂದ ಇಳಿದು, ಹಿಮದಲ್ಲಿ ಮಂಡಿಯೂರಿ, ಆ ಸದ್ದಿದ್ದ ಕಡೆಗೆ ಬರಿಗೈಯಲ್ಲಿ ಹಿಮ ಬಳಿಯತೊಡಗಿದಳು. ಎಲೋಫ್ ಎದ್ದ. ಅವನೂ ಬಗ್ಗಿ ಬಳಿದ. ಆಮೇಲೆ ನಾನು, ಆಮೇಲೆ ಉಳಿದವರು. ಯಾರಿಗೂ ಏನೂ ಸಿಗಲಿಲ್ಲ. ಸಿಗುವುದೇನೂ ಇರಲಿಲ್ಲ. ಹಾಸುಗಲ್ಲಿನಿಂದ ಬೇಲಿಯವರೆಗೆ ಹುಲ್ಲು ಕಾಣುವಂತೆ ಒಂದು ದಾರಿಯಾಯಿತು.

"ಅಮ್ಮಾ, ಸಾಕು. ದಾರಿ ಆಯ್ತು, ನೋಡು" ಎಂದಳು ಲೆಂಪಿ.

ಸದ್ದು ಇನ್ನೂ ಸ್ವಲ್ಪ ಹೊತ್ತು ಬಂತು, ನಿಧಾನವಾಗಿ, ಕೆಲಸ ಮುಗಿಸುವವರು ಅಂಚು ಸರಿಮಾಡುವಂತೆ. ಆಮೇಲೆ ನಿಂತಿತು.

ಲೆಂಪಿ ಕೈಗಳನ್ನು ಕಂಕುಳಲ್ಲಿ ಬೆಚ್ಚಗೆ ಇಟ್ಟುಕೊಂಡು ಬೇಲಿಯ ಕಡೆ ನೋಡಿದಳು. ಗೋಡೆಯಪ್ಪನವರು ಅಲ್ಲಾಡದೆ ನಿಂತಿದ್ದರು. ಗಡ್ಡ ಮಂಜುಗಟ್ಟಿತ್ತು.

"ಔನೆ, ಅವರಿಗೆ ಒಂದು ಲೋಟ ಕೊಟ್ಟು ಬಾ" ಎಂದಳು. "ಚೀಸ್ ಜಾಸ್ತಿ ಹಾಕು."

"ನೀವೇ ಅವರು ಕೂರಬಾರದು ಅಂದಿದ್ದಿರಿ."

"ಕೂರಬಾರದು ಅಂದೆ. ಕಾಫಿ ಕುಡಿಯಬಾರದು ಅನ್ನಲಿಲ್ಲವಲ್ಲ."

ಬೇಲಿಯ ಸಂದಿನಲ್ಲಿ ಲೋಟ ದಾಟಿಸಿದೆ. ಅವರು ಎರಡೂ ಕೈಯಿಂದ ಹಿಡಿದುಕೊಂಡರು. ಕುಡಿಯುವ ಮುಂಚೆ, "ಒಳಗೆ ಹೇಗಿದೆ?" ಎಂದು ಕೇಳಿದರು.

"ಬೆಚ್ಚಗಿದೆ" ಎಂದೆ.

ಅದೇ ವರ್ಷದ ನವೆಂಬರಿನಲ್ಲಿ ಅವರು ತೀರಿಕೊಂಡರು, ಕಿಟಕಿಯ ಪಕ್ಕದ ಕುರ್ಚಿಯಲ್ಲಿ. ಹೆಂಡತಿಯ ಪಕ್ಕದಲ್ಲಿ ಮಣ್ಣು ಮಾಡಲು ಸ್ಟಾಕ್‌ಹೋಮಿಗೆ ಒಯ್ದರು. ಅವರ ಮನೆಗೆ ಈಗ ಲೆಂಪಿ ಬಂದಿದ್ದಾಳೆ. ಸ್ಪ್ರೂಸ್‌ಗಳು ನನ್ನ ಸೊಂಟಕ್ಕೆ ಬಂದಿವೆ. ರೋವನ್ ಸಸಿಗಳಲ್ಲಿ ಅರ್ಧವನ್ನು ಮೊಲಗಳು ತಿಂದವು, ಮತ್ತೆ ನೆಟ್ಟೆವು.

ಸದ್ದು ನಿಂತುಹೋಯಿತೇ ಎಂದು ಕೇಳುತ್ತಾರೆ. ಹೋದ ವರ್ಷ ಬರಲಿಲ್ಲ. ಈ ವರ್ಷ ಏಪ್ರಿಲಿನಲ್ಲಿ ಒಂದು ದಿನ ಬಂತು. ಲೆಂಪಿ ಅಂಗಡಿಗೆ ಹೋಗಿದ್ದಳು. ನಾನು ಎಲೋಫನ ಬಾಗಿಲು ತಟ್ಟಿದೆ, ಇಬ್ಬರೂ ಹೋದೆವು. ಯಾರೂ ಇರಲಿಲ್ಲ. ಹಿಮದ ಮೇಲೆ ಗೀರು ಕೂಡ ಇರಲಿಲ್ಲ. ಎಲೋಫ್ ಟೋಪಿ ತೆಗೆದು, ಯಾರೋ ಎದುರಿಗಿದ್ದಾರೆ ಎನ್ನುವಂತೆ, "ಬಂದಿದ್ದೀವಿ ಸೈಮಕ್ಕಾ" ಎಂದ. ಸುಮಾರು ಹೊತ್ತು ನಿಂತೆವು.

"ನಡಿಯೇ ಮಾರಾಯ್ತಿ" ಎಂದ ಆಮೇಲೆ. "ಮಂಡಿ ಹಿಡ್ಕೊಂಡಿದೆ."